ಕುಸುಮಕ್ಕನ ಮುಡಿಪು

ಕಳೆದ ಮಂಗಳವಾರ ಬೆಳಿಗ್ಗೆ ಸಾಗರದ ನಮ್ಮ ಮನೆಯ ಗ್ರಿಲ್ಲಿನ ಆಚೆ ಒಂದು ನೀಲಿ ದಾರ ಕಂಡಿತು. ದಾರದ ತುದಿಗೆ ಗುರುತಿನ ಚೀಟಿ, ಚೀಟಿಯ ಹಿಂದೆ ಇಪ್ಪತ್ತೆರಡರ ಆಸುಪಾಸಿನ ಒಬ್ಬ ಹುಡುಗಿ, ಅವಳ ಕೈಯಲ್ಲೊಂದು ಟ್ಯಾಬು. ನನ್ನ ಕಣ್ಣು ಮಾತ್ರ ಮೊದಲು ಹೋದದ್ದು ದಾರಕ್ಕೆ. ಅಂಥದೇ ದಾರವನ್ನು ನಾನೂ ಒಂದು ಬೇಸಿಗೆಯುದ್ದಕ್ಕೂ ಕೊರಳಿಗೆ ಹಾಕಿಕೊಂಡು ಮನೆಮನೆ ತಿರುಗಿದ್ದೆ. ಬೆವರಿಗೆ ಅದು ಬಣ್ಣ ಬಿಟ್ಟು ನನ್ನ ಎರಡು ಒಳ್ಳೆಯ ರವಿಕೆಗಳು ಹಾಳಾಗಿದ್ದವು. ಹಾಳಾದದ್ದು ಬರೀ ರವಿಕೆಯಾಗಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

"ಸಮೀಕ್ಷೆ ಮೇಡಂ, ಹತ್ತೇ ನಿಮಿಷ," ಎಂದಳು. ನಾನೂ ಎಲ್ಲರಿಗೂ ಹತ್ತೇ ನಿಮಿಷ ಎನ್ನುತ್ತಿದ್ದೆ. ಮುಕ್ಕಾಲು ಗಂಟೆಗೆ ಮೊದಲು ಯಾರನ್ನೂ ಬಿಟ್ಟವಳಲ್ಲ. ಒಳಗೆ ಕರೆದು ಕೂರಿಸಿದೆ. ತಾಳಗುಪ್ಪದವಳಂತೆ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳಂತೆ. ಫ್ಯಾನು ಎಷ್ಟು, ಫ್ರಿಜ್ಜು ಇದೆಯೇ, ಸ್ಕೂಟರ್ ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಮುಗಿಯಿತು. ಮನೆಯ ವಾರ್ಷಿಕ ಆದಾಯ ಕೇಳಿದಳು. ನಾನು ನಿವೃತ್ತ ಶಿಕ್ಷಕಿ, ನಮ್ಮ ಯಜಮಾನರು ನಿವೃತ್ತ ಗುಮಾಸ್ತರು. ಪಿಂಚಣಿಯವರಿಗೆ ಈ ವಿಷಯದಲ್ಲಿ ಸುಳ್ಳು ಹೇಳುವ ಭಾಗ್ಯವಿಲ್ಲ, ಇದ್ದದ್ದನ್ನು ಹೇಳಿದೆ. ಧರ್ಮ ಕೇಳಿದಳು, ಹೇಳಿದೆ. ಆಮೇಲೆ ಟ್ಯಾಬನ್ನು ಸ್ವಲ್ಪ ಮೇಲೆತ್ತಿ, ಅಕ್ಷರ ತಪ್ಪದ ಹಾಗೆ ಓದಿದಳು: "ಸರಿ ತಪ್ಪುಗಳನ್ನು ತೀರ್ಮಾನಿಸುವಾಗ ನಿಮಗೆ ಮಾರ್ಗದರ್ಶನ ಎಲ್ಲಿಂದ ದೊರೆಯುತ್ತದೆ?"

ಅದೇ ಪ್ರಶ್ನೆ. ಒಂದು ಪದವೂ ಬದಲಾಗಿಲ್ಲ. ನೀರು ತರುತ್ತೇನೆ ಎಂದು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ. ಬಾಯಾರಿದ್ದು ಅವಳಿಗೂ ಅಲ್ಲ, ನನಗೂ ಅಲ್ಲ. ನನಗೆ ಸಿಟ್ಟು ಬಂದಿತ್ತು. ಹುಡುಗಿಯ ಮೇಲೆ ಖಂಡಿತ ಅಲ್ಲ. ಯಾರ ಮೇಲೆ ಎಂದು ಹೇಳಬೇಕಾದರೆ ಏಳೆಂಟು ವರ್ಷ ಹಿಂದಕ್ಕೆ ಹೋಗಬೇಕು. ನೀವೂ ಬನ್ನಿ, ಹುಡುಗಿ ಅಲ್ಲಿಯವರೆಗೆ ಫ್ಯಾನಿನ ಕೆಳಗೆ ಕೂತಿರಲಿ.

ಆಗ ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ, ಸಾಗರದ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆ ಬೇಸಿಗೆ ರಜೆಯಲ್ಲಿ ನಮ್ಮ ಮೇಲೆ ಒಂದು ಸಮೀಕ್ಷೆ ಬಿತ್ತು. ಮೇಷ್ಟ್ರುಗಳಿಗೆ ರಜೆ ಇದೆಯೆಂಬುದು ಸರ್ಕಾರಕ್ಕೆ ನೆನಪಾಗುವುದು ಇಂಥ ಕೆಲಸ ಬಂದಾಗ ಮಾತ್ರ. ಸಮೀಕ್ಷೆಯ ಮೊದಲ ಭಾಗ ರೇಷನ್ ಕಾರ್ಡಿನ ಪರಿಶೀಲನೆಗೆ: ಯಾರು ನಿಜಕ್ಕೂ ಬಡವರು, ಯಾರು ಅಲ್ಲ. ಕೊನೆಯ ಎರಡು ಪುಟ ಯಾರೋ ಅಧ್ಯಯನದವರದು: ಜನರ ಧರ್ಮ ಯಾವುದು, ಒಳ್ಳೆಯದು ಕೆಟ್ಟದ್ದು ತಿಳಿಯಲು ಯಾರನ್ನು ಕೇಳುತ್ತಾರೆ. ಹೇಗೂ ಮೇಷ್ಟ್ರು ಮನೆಮನೆಗೆ ಹೋಗುತ್ತಾರೆ, ಒಂದೇ ಓಡಾಟದಲ್ಲಿ ಎರಡೂ ಆಗಲಿ ಎಂದು ಮೇಲಿನವರು ಸೇರಿಸಿದ್ದರು. ಹೊಟ್ಟೆಯ ಪ್ರಶ್ನೆಯನ್ನೂ ಆತ್ಮದ ಪ್ರಶ್ನೆಯನ್ನೂ ಒಂದೇ ಮೊಬೈಲಿನಲ್ಲಿ ತುಂಬಿಸಿ, ಬಿಸಿಲಿಗೆ ನನ್ನನ್ನು ಅಟ್ಟಿದರು.

ಆದಾಯದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಪ್ರತಿ ಮನೆಗೂ ಎರಡು ಆದಾಯ. ಒಂದು ಬರುವ ಆದಾಯ, ಇನ್ನೊಂದು ಹೇಳುವ ಆದಾಯ. ಬರುವ ಆದಾಯ ಮಳೆ, ಮಂಗ, ಕೊಳೆರೋಗ, ಪೇಟೆಯ ಧಾರಣೆ ನೋಡಿಕೊಂಡು ಏರಿಳಿಯುತ್ತದೆ. ಹೇಳುವ ಆದಾಯಕ್ಕೆ ಇದ್ಯಾವುದರ ಹಂಗೂ ಇಲ್ಲ. ಅದು ವರ್ಷಕ್ಕೆ ಇಷ್ಟು ಎಂದು ಯಾರೋ ಎಂದೋ ಬರೆದ ಒಂದು ಸಂಖ್ಯೆ, ಬಡತನದ ಮಿತಿಯ ಕೆಳಗೆ ಹಿತವಾಗಿ ಕೂತಿರುತ್ತದೆ. ಊರಿಗೆಲ್ಲ ಅದೊಂದೇ. ಮಗುವಿನ ಸ್ಕಾಲರ್‌ಶಿಪ್ಪಿಗೂ ಅದೇ, ಮನೆ ಮಂಜೂರಾತಿಗೂ ಅದೇ, ಆಸ್ಪತ್ರೆಗೂ ಅದೇ. ಗೋತ್ರ ಮರೆತವರನ್ನು ನಾನು ನೋಡಿದ್ದೇನೆ, ಹೇಳುವ ಆದಾಯ ಮರೆತವರನ್ನು ನೋಡಿಲ್ಲ. ಕೇಳಿದ ಕೂಡಲೇ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು, ನಾನು ಒತ್ತುತ್ತಿದ್ದೆ.

ಮೂರನೆಯ ದಿನ ನಾಗೇಂದ್ರಪ್ಪನವರ ಮನೆಗೆ ಹೋದೆ. ನಾಗೇಂದ್ರಪ್ಪನವರು ಊರಿನ ದೇವಸ್ಥಾನದ ಧರ್ಮದರ್ಶಿ. ಅಂಗಳದಲ್ಲಿ ಎರಡು ಟ್ರ್ಯಾಕ್ಟರು, ಒಂದು ಜೀಪು, ಹೊದಿಕೆ ಹೊದ್ದ ಒಂದು ಕಾರು. ಬಾದಾಮಿ ಹಾಲು ತರಿಸಿದರು. ಎಂಥ ಬಾದಾಮಿ ಹಾಲು ಅಂತೀರಿ, ಲೋಟದ ತಳದಲ್ಲಿ ಕೇಸರಿ ದಾರದಾರವಾಗಿ ಕಾಣುತ್ತಿತ್ತು. ಅದನ್ನು ಕುಡಿಯುತ್ತಾ ಆದಾಯ ಕೇಳಿದೆ.

"ಅದೇ ಹಾಕಿ ಮೇಡಂ, ಎಲ್ರಿಗೂ ಹಾಕೋದು," ಎಂದರು.

"ನಿಮ್ಮದು ಎಷ್ಟು ಅಂತ ಹೇಳಿ ಸರ್."

"ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು. ಏನ್ ಉಳೀತದೆ ನೀವೇ ಹೇಳಿ. ಅದೇ ಹಾಕಿ."

ಹಾಕಿದೆ. ಅವರ ಕಾರು ನನ್ನ ಬೆನ್ನ ಹಿಂದೆಯೇ ಇತ್ತು, ಆದರೂ ಹಾಕಿದೆ. ಕೊನೆಯ ಪುಟ ಬಂತು. ಮಾರ್ಗದರ್ಶನ ಎಲ್ಲಿಂದ: ಧರ್ಮಗ್ರಂಥ, ಗುರುಗಳು, ಕುಟುಂಬದ ಹಿರಿಯರು, ಶಿಕ್ಷಣ, ಸ್ವಂತ ಅನುಭವ, ಇತರೆ. ಆ ಒಂದು ಪ್ರಶ್ನೆಗೆ ಎಷ್ಟು ಬೇಕಾದರೂ ಆರಿಸಬಹುದಿತ್ತು. "ಎಲ್ಲಾದಕ್ಕೂ ಹಾಕಿ," ಎಂದರು ನಾಗೇಂದ್ರಪ್ಪನವರು. "ನಮ್ಮನೇಲಿ ಧರ್ಮ ಬಿಟ್ಟು ಒಂದು ಹುಲ್ಲುಕಡ್ಡಿ ಅಲ್ಲಾಡಲ್ಲ." ಎಲ್ಲದಕ್ಕೂ ಹಾಕಿದೆ. ಇನ್ನೊಂದು ಲೋಟ ಹಾಲು ಬಂತು, ಅದನ್ನೂ ಕುಡಿದೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ಹಾಲಿಗೂ ಅನ್ವಯಿಸುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅದರ ಮರುದಿನ ಕುಸುಮಕ್ಕನ ಮನೆ.

ಕುಸುಮಕ್ಕ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ಚಿಕ್ಕವರು. ಗಂಡ ಮಂಜಪ್ಪ ಹಿಂದೆಲ್ಲ ಕೊನೆ ಕೊಯ್ಯಲು ಅಡಿಕೆ ಮರ ಹತ್ತುತ್ತಿದ್ದವರು. ಹೃದಯದ ಕವಾಟ ಕೆಟ್ಟು, ಮರವಿರಲಿ, ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದರು. ಆಪರೇಷನ್ ಆಗಬೇಕು ಎಂದು ಶಿವಮೊಗ್ಗದಲ್ಲಿ ಹೇಳಿದ್ದರು. ಬಡವರ ಕಾರ್ಡಿದ್ದರೆ ಖರ್ಚು ಬಹುಪಾಲು ಮಾಫಿ, ಇಲ್ಲದಿದ್ದರೆ ಆ ಮನೆಯನ್ನು ಮಾರಿದರೂ ಸಾಲದಷ್ಟು. ಗೇಣಿಗೆ ಮಾಡುತ್ತಿದ್ದ ಗದ್ದೆ ಮಾವನ ಕಾಲದಲ್ಲಿ ಸ್ವಂತಕ್ಕೆ ಬಂದದ್ದು ಒಂದು ಎಕರೆ. ಒಬ್ಬಳೇ ಮಗಳು, ಮದುವೆಯಾಗಿ ಕೋಣಂದೂರಿನಲ್ಲಿ ಇದ್ದಳು. ಅಡುಗೆಯ ಸಂಬಳ, ಡೇರಿಗೆ ಹಾಕುವ ಹಾಲು, ಸುಗ್ಗಿಯಲ್ಲಿ ಅಡಿಕೆ ಸುಲಿದ ಕೂಲಿ. ಇಷ್ಟರಲ್ಲಿ ಆ ಮನೆ ನಡೆಯುತ್ತಿತ್ತು.

ನಾನು ಹೋದಾಗ ಕುಸುಮಕ್ಕ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಮುಂದೆ ಅರಿಶಿನ ಬಟ್ಟೆಯ ಗಂಟು ಬಿಚ್ಚಿತ್ತು. ನಾಣ್ಯಗಳನ್ನು ಹತ್ತತ್ತರ ಗೋಪುರ ಮಾಡಿ ಸಾಲಾಗಿ ಇಟ್ಟಿದ್ದರು.

"ಬಂದ್ರಾ ಟೀಚ್ರೇ, ಕೂತ್ಕಳಿ. ಮುಟ್ಬೇಡಿ ಮತ್ತೆ, ಮುಡಿಪು," ಎಂದರು.

ಮುಡಿಪು ನಿಮಗೂ ಗೊತ್ತು. ದೇವರಿಗೆಂದು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಡುವುದು. ಕಷ್ಟ ಬಂದಾಗ ಹರಕೆ ಹೊತ್ತು ಕಟ್ಟುವವರೇ ಹೆಚ್ಚು. ಕುಸುಮಕ್ಕನದು ಹಾಗಲ್ಲ, ತಾಯಿಯಿಂದ ಬಂದ ಪದ್ಧತಿ. ಮನೆಗೆ ನೂರು ರೂಪಾಯಿ ಬಂದರೆ ಅದರಲ್ಲಿ ಒಂದು ರೂಪಾಯಿ ಗಂಟಿಗೆ. ಸಂಬಳ ಬರಲಿ, ಹಾಲಿನ ದುಡ್ಡು ಬರಲಿ, ಹಿತ್ತಲಿನ ಬಾಳೆಗೊನೆ ಮಾರಿರಲಿ, ಮೊದಲು ಗಂಟಿಗೆ, ಆಮೇಲೆ ಒಲೆಗೆ. ಈ ಗಂಟು ಹೋಗಬೇಕಾದದ್ದು ತಾಯಿಯ ತವರಿನ ಚೌಡಮ್ಮನಿಗೆ. ಆ ಊರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ.

"ನೀರು ಬಂದಾಗ ಅಮ್ಮ ನನ್ನ ಹೊಟ್ಟೇಲಿಟ್ಕಂಡು ಹೊರಟಿದ್ದು," ಎಂದು ಅವತ್ತು ಹೇಳಿದರು. "ತಂದಿದ್ದು ಒಂದು ತಪ್ಲೆ, ಒಂದು ಮುಡಿಪು ಗಂಟು. ಚೌಡಮ್ಮನ ಕಲ್ಲು ಎತ್ತಕ್ಕೆ ಆಗ್ಲಿಲ್ಲ, ಅಲ್ಲೇ ಉಳೀತು. ಬೇಸಿಗೇಲಿ ನೀರು ಇಳಿದ್ರೆ ಕಾಣ್ತದೆ. ಈ ಸಲ ಇಳಿದದೆ ಅಂತಿದ್ರು. ಹೋಗಿ ಬರಾಣ ಅಂತ ಎಣಿಸ್ತಾ ಇದ್ದೆ."

ಎಣಿಸಿದ್ದನ್ನು ಮೂರು ಪಾಲು ಮಾಡುತ್ತಾರೆ. ದೊಡ್ಡ ಪಾಲು ನೀರಿನ ಚೌಡಮ್ಮನಿಗೆ, ಒಂದು ಪಾಲು ಈಗಿರುವ ಊರಿನ ದೇವಸ್ಥಾನಕ್ಕೆ, ಇನ್ನೊಂದು ಹಣಗೆರೆಗೆ. ಹಣಗೆರೆಯಲ್ಲಿ ಭೂತರಾಯನೂ ದರ್ಗಾವೂ ಒಂದೇ ಸೂರಿನ ಕೆಳಗಿವೆ, ನಮ್ಮ ಕಡೆಯವರು ಅದನ್ನು ಒಂದು ವಿಶೇಷವೆಂದು ಹೇಳಿಕೊಳ್ಳುವುದೂ ಇಲ್ಲ. ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಏರಿದಾಗ ಕುಸುಮಕ್ಕ ಅಲ್ಲಿಗೆ ಹೇಳಿಕೊಂಡಿದ್ದರಂತೆ. ಧರ್ಮದ ಕಾಲಂ ಬಂದಾಗ, ಹಿಂದೂ ಎಂದು ಬರೆಯುತ್ತೇನೆ ಎಂದೆ.

"ಬರೀರಿ," ಎಂದವರು ಸ್ವಲ್ಪ ತಡೆದು ಕೇಳಿದರು, "ದರ್ಗಾಕ್ಕೂ ಒಂದು ಪಾಲು ಹೋಗ್ತದಲ್ಲ, ಅದಕ್ಕೆ ಬೇರೆ ಎಂತಾದ್ರೂ ಬರೀಬೇಕಾ?"

ಬೇಡ, ಒಂದನ್ನೇ ಒತ್ತಲು ಬರುವುದು ಎಂದೆ. "ಒಂದೇ ಆದ್ರೆ ಒಂದೇ ಬರೀರಿ, ಅವರೇನ್ ಬೇಜಾರು ಮಾಡ್ಕಳಲ್ಲ," ಎಂದರು. ಅವರು ಎಂದರೆ ದರ್ಗಾದವರೋ, ಸರ್ಕಾರದವರೋ, ನಾನು ಕೇಳಲಿಲ್ಲ.

ಆಗ ನನ್ನ ತಲೆಯಲ್ಲಿ ಒಂದು ದೀಪ ಹೊತ್ತಿತು. ಆ ದೀಪಕ್ಕೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟು ಸಲ ಶಪಿಸಿಕೊಂಡಿದ್ದೇನೋ. ಕುಸುಮಕ್ಕ ಹೇಳಿದ ಹಾಗೆ, ಇದು ಹೋದ ಬೇಸಿಗೆಯಲ್ಲಿ ಒಪ್ಪಿಸಿ ಬಂದ ಮೇಲೆ ಕಟ್ಟಿದ ಗಂಟು, ಸರಿಯಾಗಿ ಒಂದು ವರ್ಷದ್ದು. ನೂರಕ್ಕೆ ಒಂದರ ಲೆಕ್ಕ. ಅಂದರೆ ಗಂಟಿನಲ್ಲಿ ಇರುವುದನ್ನು ನೂರರಿಂದ ಗುಣಿಸಿದರೆ ಈ ಮನೆಯ ವರ್ಷದ ಆದಾಯ ಬಂದೀತು. ಊರಿಡೀ ಒಂದೇ ಸುಳ್ಳನ್ನು ಒತ್ತಿ ಒತ್ತಿ ಬೆರಳು ಸವೆದವಳಿಗೆ ನಾಲ್ಕು ದಿನದ ಮೇಲೆ ಒಂದು ನಿಜ ಕಣ್ಣಿಗೆ ಬಿದ್ದಿತ್ತು. ಗಣಿತದ ಟೀಚರ್ ನಾನು. ಹಿಗ್ಗಿದೆ.

ಎಣಿಸಿ ಮುಗಿಸಲು ನಾನೇ ಜೊತೆಗೆ ಕೂತೆ, ಮುಟ್ಟದೆ. ಮೊತ್ತ ಬಂತು. ನೂರರಿಂದ ಗುಣಿಸಿ ಹೇಳಿದೆ. ಕುಸುಮಕ್ಕ ಬೆರಳಿನಲ್ಲಿ ಲೆಕ್ಕ ಹಾಕಿ ಹೌದು ಎಂದರು. "ಎರಡು ಹಸ ಮಾರಿದ್ದೂ ಅದರಲ್ಲೇ ಬಂತು. ಇವರ ಟೆಸ್ಟು ಗಿಸ್ಟು ಅಂತ ಮಾರಿದ್ದು. ಬಂದಿದ್ದು ಬಂದಿದ್ದೇ ಅಲ್ಲನ ಟೀಚ್ರೇ, ಅದಕ್ಕೂ ನೂರಕ್ಕೊಂದು ಇಟ್ಟೆ."

ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಹಿಂಗೆ ಬರೆದ್ರೆ ಎಂತಾದ್ರೂ ಆಗ್ತದಾ?"

ಓದುಗರೇ, ನಾನು ಏನು ಹೇಳಿದೆನೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ನಿಜ ಹೇಳಿದವರಿಗೆ ಏನೂ ಆಗಲ್ಲ ಕುಸುಮಕ್ಕ," ಎಂದೆ. ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಮಾತು, ಬಾಯಿಗೆ ತಾನಾಗಿ ಬಂತು. ಹಸು ಮಾರಿ ಬಂದದ್ದು ಆದಾಯವಲ್ಲ, ಅದು ಇದ್ದದ್ದನ್ನು ಕಳೆದುಕೊಂಡದ್ದು ಎಂಬ ಸಾಮಾನ್ಯ ಜ್ಞಾನ ಗಣಿತದ ಟೀಚರಿಗೆ ಹೊಳೆಯಲಿಲ್ಲ. ಮುಡಿಪು ಕಟ್ಟುವ ಹೆಂಗಸು ಚೌಡಮ್ಮನ ಲೆಕ್ಕದಲ್ಲಿ ಹೇಳುತ್ತಿದ್ದಾಳೆ, ನಾನು ಬರೆಯುತ್ತಿರುವುದು ಸರ್ಕಾರದ ಲೆಕ್ಕದಲ್ಲಿ ಎಂಬುದೂ ಹೊಳೆಯಲಿಲ್ಲ. ಕೊನೆಯ ರೂಪಾಯಿಯವರೆಗೂ ಒತ್ತಿದೆ. ಮಿತಿ ದಾಟಿತ್ತು, ಎರಡು ಹಸುವಿನಷ್ಟು.

ಕೊನೆಯ ಪುಟದ ಪ್ರಶ್ನೆಯನ್ನೂ ಓದಿದೆ. ಸರಿ ತಪ್ಪು ತಿಳಿಯಲು ಯಾರನ್ನು ಕೇಳುತ್ತೀರಿ. ಕುಸುಮಕ್ಕ ನಕ್ಕರು.

"ಅದಕ್ಕೂ ಯಾರನ್ನಾದ್ರೂ ಕೇಳ್ಬೇಕಾ? ಬಡಿಸೋವಾಗ ಕೊನೇ ಸಾಲಲ್ಲಿ ಕೂತ ಮಗು ಮುಖ ನೋಡಿದ್ರೆ ಗೊತ್ತಾಗ್ತದಲ್ಲ ಟೀಚ್ರೇ, ಬೆಳಿಗ್ಗೆ ನಾ ಬೇಳೆ ಸರಿಯಾಗಿ ಹಾಕಿದ್ನೋ ಇಲ್ವೋ ಅಂತ."

ಧರ್ಮಗ್ರಂಥದಲ್ಲಿ ಇದು ಬರಲಿಲ್ಲ, ಗುರುಗಳಲ್ಲಿ ಬರಲಿಲ್ಲ. ಇತರೆ ಎಂದು ಒತ್ತಿದೆ. ಏನೆಂದು ಬರೆಯಲು ಆಗ ಜಾಗವಿರಲಿಲ್ಲ.

ಶಾಲೆ ಶುರುವಾಯಿತು, ಮಳೆಗಾಲ ಮುಗಿಯಿತು. ದೀಪಾವಳಿಯ ಆಚೆ ಒಂದು ದಿನ ಊಟ ಮುಗಿದು, ಪಾತ್ರೆ ತೊಳೆದಾದ ಮೇಲೆ ಕುಸುಮಕ್ಕ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಟೀಚ್ರೇ, ಸೊಸೈಟೀಲಿ ನನ್ ಹೆಬ್ಬೆಟ್ಟು ಮಿಶಿನ್ ತಗಳ್ತಿಲ್ಲ," ಎಂದರು. ಬೂದಿ, ಉಪ್ಪು, ಸೋಡಾ ಮುಟ್ಟುವ ಕೈ, ರೇಖೆ ಸವೆದಿರಬೇಕು ಎಂದುಕೊಂಡೆವು ಇಬ್ಬರೂ. ಎರಡು ದಿನ ಎಣ್ಣೆ ಹಚ್ಚಿಕೊಂಡು ಹೋಗಿ ಬಂದರು. ರೇಖೆ ಸರಿಯಾಗಿಯೇ ಇತ್ತು. ಕಾರ್ಡು ರದ್ದಾಗಿತ್ತು. ಆಪರೇಷನ್ನಿಗೆ ಕೊಟ್ಟ ದಿನಾಂಕಕ್ಕೆ ಮೂರು ವಾರ ಉಳಿದಿತ್ತು.

ರಜೆ ಹಾಕಿ ನಾನೇ ಹೊಸನಗರದ ಕಚೇರಿಗೆ ಕರೆದುಕೊಂಡು ಹೋದೆ. ನನ್ನಲ್ಲಿ ಆವತ್ತು ಭಾರೀ ಆವೇಶ. ಇದು ಅನ್ಯಾಯ, ಯಾರೋ ಬೇಜವಾಬ್ದಾರಿಯಿಂದ ಮಾಡಿದ್ದು ಎಂದು ಮೇಜಿನ ಮೇಲೆ ಕೈ ಊರಿ ಹೇಳಿದೆ. ಅಲ್ಲಿನ ನೌಕರ ಸಾವಧಾನದಿಂದ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. "ಎಂಟ್ರಿ ನಿಮ್ದೇ ಐಡಿಯಿಂದ ಆಗಿದೆ ಮೇಡಂ," ಎಂದ. ನನ್ನ ಹೆಸರು, ನನ್ನ ಶಾಲೆ, ರೂಪಾಯಿಯವರೆಗಿನ ನನ್ನ ಗುಣಾಕಾರ. ಕುಸುಮಕ್ಕ ಪಕ್ಕದಲ್ಲೇ ನಿಂತು ಓದಿದರು. ಒಂದು ಮಾತು ಬೈದಿದ್ದರೂ ನನಗೆ ಉಸಿರಾಡಲು ಸುಲಭವಾಗುತ್ತಿತ್ತು.

ದಾರಿ ಇತ್ತು. ಆದಾಯ ತಪ್ಪಾಗಿ ಹೇಳಿದ್ದೇನೆ ಎಂದು ಅಫಿಡವಿಟ್ ಮಾಡಿಸಿ, ಊರಿನ ಒಬ್ಬ ಗಣ್ಯರ ಸಾಕ್ಷಿ ಹಾಕಿಸಿ ಕೊಟ್ಟರೆ ಕಾರ್ಡು ಮರಳಿ ಬರುತ್ತದೆ. ಗಣ್ಯರೆಂದರೆ ಆ ಊರಲ್ಲಿ ನಾಗೇಂದ್ರಪ್ಪನವರೇ. ಅವರ ಕಾರ್ಡು ಏನಾಯಿತು ಎನ್ನುತ್ತೀರಾ? ಏನೂ ಆಗಿರಲಿಲ್ಲ. ಆ ಊರಿನಲ್ಲಿ ನಾನು ಬರೆದುಕೊಂಡ ಅಷ್ಟೂ ಮನೆಗಳಲ್ಲಿ ರದ್ದಾದದ್ದು ಕುಸುಮಕ್ಕನ ಕಾರ್ಡು ಒಂದೇ. ನಾಗೇಂದ್ರಪ್ಪನವರು ಅದೇ ಜೀಪಿನಲ್ಲಿ ಬಂದು ಸಂತೋಷದಿಂದ ರುಜು ಹಾಕಿದರು. "ಬಡವರಿಗೆ ಒಂದು ಸಹಾಯ ಆಗ್ತದೆ ಅಂದ್ರೆ ನಾ ಹಿಂದೆ ಸರಿಯಲ್ಲ. ಅಲ್ಲ ಕುಸುಮ, ನೀನಾದ್ರೂ ಎಲ್ರೂ ಹೇಳೋದನ್ನ ಹೇಳೋದಲ್ವಾ?" ಎಂದರು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಸಾಕ್ಷಿ ಬೇಕಿತ್ತಲ್ಲ.

ಅವರ ರುಜುವಿಗೂ ಮೊದಲು, ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕಾಗದ ಮಾಡಿಸುವಾಗ ನಾನು ನನ್ನ ಎರಡನೆಯ ಗಣಿತ ಶುರುಮಾಡಿದೆ. ಹಸುವಿನ ದುಡ್ಡು ಕಳೆಯಿರಿ, ಉಳಿದದ್ದು ಮಿತಿಯ ಒಳಗೇ ಬರುತ್ತದೆ, ಅದನ್ನೇ ಟೈಪ್ ಮಾಡಿ, ನಿಜವೂ ಉಳಿಯುತ್ತದೆ, ಕಾರ್ಡೂ ಉಳಿಯುತ್ತದೆ ಎಂದು ಟೈಪಿಸ್ಟನಿಗೆ ವಿವರಿಸಿದೆ. ಅವನು ಕನಿಕರದಿಂದ ನೋಡಿದ. "ಮೇಡಂ, ಬೇರೆ ನಂಬರ್ ಹಾಕಿದ್ರೆ ಇದೇನು ಅಂತ ಎನ್‌ಕ್ವೈರಿ ಬರ್ತದೆ, ಆರು ತಿಂಗ್ಳು ಹೋಗ್ತದೆ. ಎಲ್ರದ್ದೂ ಇದೇ ನಂಬರ್. ಇದಾದ್ರೆ ಯಾರೂ ಕೇಳಲ್ಲ." ಆ ಸಂಖ್ಯೆ ಅವನ ಕಂಪ್ಯೂಟರಿನಲ್ಲಿ ಮೊದಲೇ ಟೈಪಾಗಿತ್ತು, ಹೆಸರು ಮಾತ್ರ ಬದಲಾಯಿಸುತ್ತಿದ್ದ. ಊರಿಗೆಲ್ಲ ಒಂದೇ ಸುಳ್ಳು, ಅಚ್ಚು ಹಾಕಿ ಇಟ್ಟಿದ್ದರು. ಅದಕ್ಕೆ ಹೊಂದದ ನಿಜಕ್ಕೆ ವಿಚಾರಣೆ.

ಕಾಗದ ಹೊರಬಂತು. ಕುಸುಮಕ್ಕ ಏಳನೆಯ ಇಯತ್ತೆಯವರೆಗೆ ಓದಿದವರು, ನಿಧಾನವಾಗಿ ಬೆರಳಿಟ್ಟು ಓದಿದರು. ದೇವರ ಮೇಲೆ ಪ್ರಮಾಣ ಮಾಡಿ ಹೇಳುವುದೇನೆಂದರೆ, ಎಂದಿತ್ತು. ಬೆರಳು ಅಲ್ಲೇ ನಿಂತಿತು.

"ಯಾವ ದೇವ್ರು?" ಎಂದು ಕೇಳಿದರು.

"ಆಂ?" ಎಂದ ಟೈಪಿಸ್ಟ್.

"ದೇವ್ರ ಮೇಲೆ ಅಂತ ಇದೆಯಲ್ಲ, ಯಾವ ದೇವ್ರ ಮೇಲೆ?"

"ಯಾವ್ದೋ ಒಂದು ದೇವ್ರು ಬಿಡಿ, ಅಮ್ಮ. ಅದು ಫಾರ್ಮ್ಯಾಟಲ್ಲೇ ಇರ್ತದೆ."

ಹೊರಗೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ, ನಮ್ಮ ಜೊತೆ ಬಂದಿದ್ದ ಮಂಜಪ್ಪ ಎದೆಗೆ ಕೈ ಇಟ್ಟುಕೊಂಡು ಕೂತಿದ್ದದ್ದು ಅಂಗಡಿಯಿಂದ ಕಾಣುತ್ತಿತ್ತು. ಕುಸುಮಕ್ಕ ಒಮ್ಮೆ ಆ ಕಡೆ ನೋಡಿದರು. ರುಜು ಹಾಕಿದರು.

ಆ ರುಜುವನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಯಾವ ವ್ಯವಸ್ಥೆ ಇದು? ಸುಳ್ಳು ಹೇಳಿದ ನೂರು ಮನೆಯನ್ನು ಮುಟ್ಟುವುದಿಲ್ಲ, ನಿಜ ಹೇಳಿದ ಒಂದು ಮನೆಯನ್ನು ಹುಡುಕಿ ಹಿಡಿಯುತ್ತದೆ. ಹಿಡಿದು, ನೀನ್ಯಾಕೆ ಎಲ್ಲರ ಹಾಗೆ ಸುಳ್ಳು ಹೇಳಲಿಲ್ಲ ಎಂದು ಕೇಳುತ್ತದೆ. ಕೊನೆಗೆ ಸುಳ್ಳನ್ನೇ ದೇವರ ಹೆಸರಿನಲ್ಲಿ ಬರೆಸಿಕೊಂಡು, ಹೋಗು ಬದುಕಿಕೋ ಎನ್ನುತ್ತದೆ. ಇದರ ಕೊನೆಯ ಪುಟದಲ್ಲಿ ಬೇರೆ, ತಮಗೆ ನೈತಿಕ ಮಾರ್ಗದರ್ಶನ ಎಲ್ಲಿಂದ ಎಂದು ವಿನಯದ ಪ್ರಶ್ನೆ. ನಾಗೇಂದ್ರಪ್ಪನವರ ಆರು ಉತ್ತರ ಯಾವುದೋ ವರದಿಯಲ್ಲಿ ಸೇರಿ, ಮಲೆನಾಡಿನ ಜನ ಬಹಳ ಧಾರ್ಮಿಕರು ಎಂದು ಯಾರೋ ಎಲ್ಲೋ ಓದಿ ತಲೆದೂಗಿರುತ್ತಾರೆ. ಕುಸುಮಕ್ಕ ಅದೇ ವರದಿಯಲ್ಲಿ ಇತರೆ.

ಕಾರ್ಡು ಮರಳಿ ಬರುವಷ್ಟರಲ್ಲಿ ಆಪರೇಷನ್ನಿನ ದಿನಾಂಕ ತಪ್ಪಿ ಹೋಗಿ ನಾಲ್ಕು ತಿಂಗಳು ಮುಂದಕ್ಕೆ ಬಿದ್ದಿತ್ತು. ಆ ನಾಲ್ಕು ತಿಂಗಳು ಮಂಜಪ್ಪ ಮಲಗಿ ನಿದ್ದೆ ಮಾಡಲಾರದೆ ಗೋಡೆಗೆ ಒರಗಿ ಕೂತೇ ಕಳೆದರು. ದೇವರು ದೊಡ್ಡವನು, ಬದುಕಿದರು. ದೇವರು ದೊಡ್ಡವನು ಎಂದು ಬರೆದೆನಲ್ಲ, ಅಭ್ಯಾಸಬಲ. ಯಾವ ದೇವರು ಎಂದು ಕೇಳುವುದಿದ್ದರೆ ಆ ಟೈಪಿಸ್ಟನನ್ನೇ ಕೇಳಿ.

ಆದರೆ ನನ್ನನ್ನು ಬಡಿದದ್ದು ಆಪರೇಷನ್ನಿನ ಮಾತಲ್ಲ. ಅಫಿಡವಿಟ್ ಮಾಡಿಸಿದ ದಿನ ಬಸ್ಸಿನಲ್ಲಿ ವಾಪಸು ಬರುವಾಗ ಕುಸುಮಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರ ಬಂದಾಗ ತಿರುಗಿ ಕೇಳಿದರು. "ತಪ್ಪುಕಾಣಿಕೆ ಎಷ್ಟಿಡಬೇಕು ಟೀಚ್ರೇ? ನೀವು ಓದಿದವ್ರು, ನಿಮಗೆ ಗೊತ್ತಿರ್ತದೆ."

ತಪ್ಪುಕಾಣಿಕೆ ಎಂದರೆ ದೇವರಿಗೆ ಮಾಡಿದ ತಪ್ಪಿಗೆ ಕಟ್ಟುವ ದಂಡ. ನೀವು ತಪ್ಪು ಮಾಡಿಲ್ಲ ಕುಸುಮಕ್ಕ, ಮಾಡಿದ್ದು ನಾನು, ನಾನು ಕಟ್ಟುತ್ತೇನೆ ಎಂದೆ. "ರುಜು ಹಾಕಿದ್ದು ನಾನಲ್ವಾ," ಎಂದರು. ಅವರದು ವಾದವಲ್ಲ, ಲೆಕ್ಕ. ಇಳಿಯುವ ಹೊತ್ತಿಗೆ ತಾವೇ ತೀರ್ಮಾನಿಸಿದ್ದರು. ಅವತ್ತಿನಿಂದ ಆ ಮನೆಯಲ್ಲಿ ನೂರಕ್ಕೆ ಒಂದಲ್ಲ, ನೂರಕ್ಕೆ ಎರಡು. ಹೋದ ವರ್ಷ ಹೋಗಿದ್ದಾಗ, ಇನ್ನೂ ಹಾಗೇ ನಡೆಯುತ್ತಿದೆಯೇ ಎಂದು ಕೇಳಿದೆ. "ಕಾರ್ಡು ಇನ್ನೂ ನಡೀತಿದ್ಯಲ್ಲ ಟೀಚ್ರೇ," ಎಂದರು.

ಇಷ್ಟು ಹೊತ್ತು ಊರವರನ್ನೆಲ್ಲ ಬೈದೆನಲ್ಲ, ಈಗ ನಮ್ಮ ಮನೆಯದನ್ನೂ ಹೇಳಬೇಕು. ಹೇಳದಿದ್ದರೆ ನಾಗೇಂದ್ರಪ್ಪನವರಿಗೂ ನನಗೂ ಇರುವ ವ್ಯತ್ಯಾಸ ಒಂದು ಜೀಪು ಮಾತ್ರ. ನಮ್ಮ ಅತ್ತೆಗೆ ಈಗ ಎಂಬತ್ತೆಂಟು. ನಮ್ಮೊಂದಿಗೇ ಇದ್ದಾರೆ, ನಾವು ಮಾಡಿದ್ದನ್ನೇ ಉಣ್ಣುತ್ತಾರೆ. ಕಾಗದದ ಮೇಲೆ ಮಾತ್ರ ಅವರೊಂದು ಬೇರೆ ಮನೆ. ಒಂಟಿ ಮುದುಕಿ, ಆಧಾರವಿಲ್ಲ, ಬಡವರ ಕಾರ್ಡು. ಎಷ್ಟೋ ವರ್ಷದ ಹಿಂದೆ ಯಜಮಾನರು ಮಾಡಿಸಿದ್ದು. ಮಾಡಿಸುವಾಗ ನಾನೂ ಸುಮ್ಮನಿದ್ದೆ. ಆ ಅಕ್ಕಿ ತಿಂಗಳು ತಿಂಗಳು ಬರುತ್ತದೆ. ಒಮ್ಮೆ ನಾನು, ಇದು ಸರಿಯಲ್ಲ, ಬಿಟ್ಟುಬಿಡೋಣ ಎಂದು ಹಗುರಾಗಿ ಎತ್ತಿದ್ದೆ. ಅತ್ತೆ ತಮ್ಮ ಮಾತಿನಲ್ಲೇ ಉತ್ತರ ಕೊಟ್ಟರು. "ಎಂಗೊ ಬಿಟ್ರೆ ಮತ್ತೊಬ್ಬ ತಗತ್ತ. ಎಂತ ಪಾಪ ಇದ್ದು ಅದ್ರಲ್ಲಿ? ದೋಸೆಗೆ ರಾಶಿ ಚೊಲೋ ಆಗ್ತು." ನಾವು ಬಿಟ್ಟರೆ ಇನ್ನೊಬ್ಬ ತೆಗೆದುಕೊಳ್ಳುತ್ತಾನೆ ಎಂಬುದೂ, ದೋಸೆಗೆ ಚೆನ್ನಾಗಿ ಆಗುವುದೂ ನಿಜವೇ. ಕುಸುಮಕ್ಕನ ಚಾಪೆಯ ಮೇಲೆ ಕೂತು, ನಿಜ ಹೇಳಿದವರಿಗೆ ಏನೂ ಆಗಲ್ಲ ಎಂದು ಉಪದೇಶ ಮಾಡಿದ ದಿನವೂ ನಾನು ಬೆಳಿಗ್ಗೆ ತಿಂದು ಹೊರಟದ್ದು ಆ ಅಕ್ಕಿಯ ದೋಸೆಯನ್ನೇ. ಕುಸುಮಕ್ಕ ಒಂದು ಸುಳ್ಳಿಗೆ ಇಷ್ಟು ವರ್ಷದಿಂದ ದಂಡ ಕಟ್ಟುತ್ತಿದ್ದಾರೆ. ನಾವು ನಮ್ಮ ಸುಳ್ಳಿಗೆ ಚಟ್ನಿ ಮಾಡಿಕೊಳ್ಳುತ್ತೇವೆ.

ನೀರಿನ ಲೋಟ ಹಿಡಿದು ಹೊರಗೆ ಬಂದಾಗ ಹುಡುಗಿ ಅದೇ ಪ್ರಶ್ನೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.

"ಮಾರ್ಗದರ್ಶನ ಮೇಡಂ. ಧರ್ಮಗ್ರಂಥ ಅಂತ ಹಾಕ್ಲಾ?"

"ಇತರೆ ಹಾಕು."

"ಇತರೆ ಆದ್ರೆ ಏನು ಅಂತ ಟೈಪ್ ಮಾಡ್ಬೇಕು ಮೇಡಂ."

ಈಗ ಜಾಗ ಕೊಟ್ಟಿದ್ದಾರೆ. "ಕುಸುಮಕ್ಕ, ಬಿಸಿಯೂಟದ ಅಡುಗೆಯವರು," ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ ಟೈಪ್ ಮಾಡಿದಳು. ಒಳ್ಳೆಯ ಹುಡುಗಿ. ಆಮೇಲೆ ಹಿಂದಿನ ಪುಟಕ್ಕೆ ಹೋದಳು, ಹುಬ್ಬು ಗಂಟಿಕ್ಕಿದಳು. "ಈ ಅಡ್ರೆಸ್ಸಲ್ಲಿ ಎರಡು ಕುಟುಂಬ ತೋರಿಸ್ತಿದೆ ಮೇಡಂ. ಅಜ್ಜಿ ಬೇರೆ ಮನೆ ಅಂತಿದೆ."

ಒಳಗಿನ ಕೋಣೆಯಲ್ಲಿ ಪೇಪರ್ ಮಡಚಿದ ಸದ್ದಾಯಿತು. ಯಜಮಾನರಿಗೆ ಉಳಿದದ್ದೆಲ್ಲ ಮಂದವಾಗಿ ಕೇಳುತ್ತದೆ, ಇಂಥದ್ದು ಸ್ಪಷ್ಟವಾಗಿ ಕೇಳುತ್ತದೆ. "ಅಜ್ಜಿ ಇಲ್ಲೇ ಇದ್ದಾರೆ," ಎಂದೆ. "ಒಂದೇ ಮನೆ, ಒಂದೇ ಒಲೆ. ಒಂದೇ ಅಂತ ಬರಿ."

"ಎಂತದೇ ಅದು?" ಎಂದು ಅತ್ತೆ ಒಳಗಿನಿಂದ ಕೇಳಿದರು.

ಹುಡುಗಿ ಟ್ಯಾಬನ್ನು ತೊಡೆಯ ಮೇಲೆ ಇಳಿಸಿದಳು. ಒಳಗೆ ಕೇಳಿಸದಿರಲಿ ಎಂದು ದನಿ ತಗ್ಗಿಸಿ, ನನ್ನ ಕಡೆ ಬಾಗಿ ಹೇಳಿದಳು. "ಮೇಡಂ, ಹಾಗೆ ಬರೆದ್ರೆ ಅಜ್ಜಿ ಕಾರ್ಡ್ ಕ್ಯಾನ್ಸಲ್ ಆಗ್ತದೆ. ಯೋಚ್ನೆ ಮಾಡಿ ಹೇಳಿ. ನಾ ಇನ್ನೂ ಒತ್ತಿಲ್ಲ."

ಇಷ್ಟೇ ಮಾತು. ತಾಳಗುಪ್ಪದಿಂದ ಬಸ್ಸು ಹತ್ತಿ ಬಂದ, ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದ ಹುಡುಗಿ, ಕಳೆದುಕೊಳ್ಳಲು ದೋಸೆಯ ಅಕ್ಕಿಯಷ್ಟೇ ಇರುವ ಮನೆಗೆ ಹೇಳಿದ ಮಾತು. ಗಂಡನ ಉಸಿರು ಪಣಕ್ಕಿದ್ದ ಹೆಂಗಸು ಬಾಯಿ ಬಿಟ್ಟು ಕೇಳಿದಾಗಲೂ ನಾನು ಹೇಳದೆ ಹೋದ ಮಾತು.

"ಒತ್ತು," ಎಂದೆ.